ತೂಗು ನಿಲ್ಲಿಸುವ ವಿದ್ಯೆ

ಟಯರ್ ಅಂಗಡಿಯ ಮೇಲಿನ ಮಹಡಿ.
ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಯ ಒಂದು ಮೂಲೆ ಕಿತ್ತು
ಸಮುದ್ರದ ಗಾಳಿಗೆ ಪಟಪಟ ಬಡಿಯುತ್ತಿದೆ.
ಕೈಗವಸು ಕಳಚದೆ ಓದುತ್ತ ನಿಂತಿದ್ದೇನೆ,
ಹಡಗಿನ ಸರಕುಪಟ್ಟಿ ಓದುವ ಹಾಗೆ:
ಯಾವುದು ಭಾರ, ಯಾವುದು ಒಡೆಯುವಂಥದ್ದು,
ಯಾವುದನ್ನು ಮೊದಲು ಇಳಿಸಬೇಕು.

ಸೋಮವಾರ ಝುಂಬಾ. ಮಂಗಳವಾರ ಪಿಲಾಟಿಸ್.
ಬುಧವಾರ ಕುರ್ಚಿ ವ್ಯಾಯಾಮ, ಅರವತ್ತು ದಾಟಿದವರಿಗೆ.
ನನಗಿನ್ನೂ ಐವತ್ತೆಂಟು, ದೇವರು ದೊಡ್ಡವನು.
ಮೇಲಾಗಿ, ಕುರ್ಚಿಯಲ್ಲಿ ಕೂತೂ ಕೂತೂ ತಾನೆ
ಈ ಬೆನ್ನು ಈ ಗತಿಗೆ ಬಂದದ್ದು?

ಇಪ್ಪತ್ತಾರು ವರ್ಷ, ಕೋಟ್ಕಾ ಬಂದರಿನ ನೆತ್ತಿಯ ಮೇಲೆ,
ಕ್ರೇನಿನ ಗಾಜಿನ ಗೂಡಿನಲ್ಲಿ ನಾನೊಬ್ಬಳು.
ಪಾದಗಳ ನಡುವಿನ ಗಾಜಿನಿಂದ ಕೆಳಗೆ ನೋಡಬೇಕು,
ಕತ್ತು ಬಗ್ಗಿಸಿಯೇ ಇರಬೇಕು,
ಎರಡು ಹಿಡಿಕೆ, ನಾಲ್ಕು ಬೆರಳು, ಮೂವತ್ತು ಟನ್ನು.
ಮಿಕ್ಕ ಮೈಗೆ ಅಲ್ಲೇನೂ ಕೆಲಸವಿಲ್ಲ.
ಕೆಲಸವಿಲ್ಲದ ಮೈ, ಕೇಳುವವರಿಲ್ಲದ ಮನೆಯ ಕದದ ಹಾಗೆ,
ಒಂದು ದಿನ ತೆರೆಯುವುದನ್ನೇ ಮರೆಯಿತು.
ನನ್ನ ಮಗಳಿಗಿಂತ ಚಿಕ್ಕ ಡಾಕ್ಟರಮ್ಮ
ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದಳು:
ಮಾತ್ರೆ ಬರೆದುಕೊಡಬಲ್ಲೆ. ಕುಣಿದರೆ ಇನ್ನೂ ಒಳ್ಳೆಯದು.

ಐದು ತರಗತಿಗೆ ಒಂದು ಹಳದಿ ಚೀಟಿ,
ಪ್ರಯೋಗಕ್ಕೆ, ಇಪ್ಪತ್ತೊಂಬತ್ತು ಯೂರೋ.
ಒಂದೊಂದು ಸಲ ಬಂದಾಗಲೂ ಒಂದೊಂದು ತೂತು.

ಝುಂಬಾದಲ್ಲಿ ಕನ್ನಡಿಯ ತುಂಬ ಇಪ್ಪತ್ತು ಜನ ಎಡಕ್ಕೆ,
ನಾನೊಬ್ಬಳೇ ಬಲಕ್ಕೆ, ರೈಲು ತಪ್ಪಿಸಿಕೊಂಡವಳಂತೆ.
ಪಿಲಾಟಿಸ್‌ನಲ್ಲಿ ಹೊಕ್ಕುಳನ್ನು ಬೆನ್ನೆಲುಬಿಗೆ ಅಂಟಿಸಿ ಅಂದರು.
ಅಂಟಿಸಬಹುದಮ್ಮ, ನಡುವೆ ಇರುವುದೆಲ್ಲ ಎಲ್ಲಿಗೆ ಹೋಗಲಿ?
ಕೊನೆಗೆ ಕಣ್ಣು ಮುಚ್ಚಿ ಮಲಗಿ ಅಂದರು, ಅದೊಂದು ಬಂತು ನನಗೆ;
ಗೊರಕೆಗೆ ಪಕ್ಕದವರು ನಕ್ಕದ್ದು ಕೇಳಿ ಎದ್ದೆ.
ಎಲ್ಲಿಗೂ ಹೋಗದ ಸೈಕಲ್ಲನ್ನು ಮುಕ್ಕಾಲು ಗಂಟೆ ತುಳಿದು
ಕೆಳಗಿಳಿದು, ಮನೆಗೆ ಹೋಗಲು ಮತ್ತೆ ಸೈಕಲ್ಲನ್ನೇ ತುಳಿದೆ.
ಹೊಟ್ಟೆ ಕುಣಿಸುವ ತರಗತಿಯಲ್ಲಿ ಸೊಂಟಕ್ಕೆ ನಾಣ್ಯದ ಪಟ್ಟಿ ಕೊಟ್ಟರು.
ಕುಣಿಯಲಿಲ್ಲ. ಆದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ
ಯಾರೂ ಇಲ್ಲದ್ದು ನೋಡಿ ಒಂದೇ ಒಂದು ಸಲ ಝಣ್ ಎನಿಸಿದೆ.

ಉಳಿದದ್ದು ಒಂದು ತೂತಿನ ಜಾಗ, ಗುರುವಾರದ ಟ್ಯಾಂಗೋ.
ಜೋಡಿ ಬೇಕಿಲ್ಲ ಎಂದು ಬರೆದಿದ್ದರು.
ಹನ್ನೊಂದು ಹೆಂಗಸರು, ಮೂವರು ಗಂಡಸರು,
ಅವರಲ್ಲೊಬ್ಬನ ಮಂಡಿ ರಜೆಯ ಮೇಲಿತ್ತು.
ಗಂಡುಹೆಜ್ಜೆ ಯಾರು ಹಾಕುತ್ತೀರಿ? ಸಿರ್ಕಾ ಕೇಳಿದಳು.
ಎಲ್ಲರೂ ತಂತಮ್ಮ ಷೂ ನೋಡಿಕೊಂಡರು.
ನನ್ನ ಕೈ ಯಾಕೆ ಮೇಲೆದ್ದಿತೋ, ಬಂದರಿನ ಅಭ್ಯಾಸವಿರಬೇಕು.

ಎದುರಿಗೆ ಬಂದವರು ಹಿಲ್ಲೆವಿ. ಎಪ್ಪತ್ತಾಗಿದೆ.
ಔಷಧಿ ಅಂಗಡಿ ಮುಚ್ಚಿ ಹತ್ತು ವರ್ಷವಾದರೂ
ತೋಳಿನಲ್ಲಿನ್ನೂ ನೀಲಗಿರಿ ಎಣ್ಣೆಯ ಘಮ.
ನಾನು ತಳ್ಳಿದೆ, ಅವರು ವಾಲಿದರು.
ಗಾಬರಿಯಾಗಿ ಎಳೆದೆ, ಇನ್ನೂ ವಾಲಿದರು.
ಕಾಲಿಗೆ ಕಾಲು. ಅಯ್ಯೋ. ಕ್ಷಮಿಸಿ. ಮತ್ತೆ ಕಾಲು.

ಆಗ ಹೊಳೆಯಿತು.
ಹಗ್ಗಕ್ಕೆ ಕಟ್ಟಿದ ಪೆಟ್ಟಿಗೆ ಗಾಳಿಯಲ್ಲಿ ತೂಗತೊಡಗಿದರೆ
ಹೊಸಬರು ಹಿಂದಕ್ಕೆ ಎಳೆಯುತ್ತಾರೆ, ತೂಗು ಇಮ್ಮಡಿಯಾಗುತ್ತದೆ.
ಎಳೆಯಬಾರದು. ಅದು ಹೋಗುವ ಕಡೆಗೇ
ನೀನೂ ಹೋಗಬೇಕು, ಒಂದಿಷ್ಟು, ಅದರ ನೆತ್ತಿಗೆ ಬರುವಷ್ಟು.
ಆಗ ತಾನಾಗಿ ನಿಲ್ಲುತ್ತದೆ. ನಿಂತ ಮೇಲೆ ಕೇಳುತ್ತದೆ.
ಈ ವಿದ್ಯೆಗೆ ನನಗೆ ಮೂರು ಚಳಿಗಾಲ ಹಿಡಿದಿತ್ತು.

ಹಿಲ್ಲೆವಿ ವಾಲಿದತ್ತ ಒಂದು ಹೆಜ್ಜೆ ಹೋದೆ.
ನಿಂತರು.
ಇಬ್ಬರ ಉಸಿರೂ ನಿಂತು, ಒಟ್ಟಿಗೆ ಹೊರಟಿತು.
ಅಕಾರ್ಡಿಯನ್ನು ಎಂದಿನಂತೆ ಯಾರನ್ನೋ ಕಳೆದುಕೊಂಡು ಅಳುತ್ತಿತ್ತು,
ನಮಗೆ ಅದರ ಗೊಡವೆ ಇರಲಿಲ್ಲ, ಮೂಲೆ ತಿರುಗಬೇಕಿತ್ತು,
ತಿರುಗಿದೆವು.

ಮೇಜಿನ ಹುಡುಗ ತೂತು ಹೊಡೆದು ಕೇಳಿದ:
ಯಾವ ತರಗತಿಗೆ ಹೆಸರು ಬರೆಯಲಿ?
ಗುರುವಾರ ಅಂದೆ.
ಗಂಡುಹೆಜ್ಜೆಯೋ ಹೆಣ್ಣುಹೆಜ್ಜೆಯೋ, ಒಂದಕ್ಕೆ ಗುರುತು ಹಾಕಬೇಕಂತೆ.
ಪೆನ್ನು ಹಿಡಿದು ತುಸು ಹೊತ್ತು ತೂಗಾಡಿದೆ.

ಬೆನ್ನು ಇನ್ನೂ ನೋಯುತ್ತಿದೆ,
ಆದರೆ ಬೇರೆ ಜಾಗದಲ್ಲಿ.